ಕ್ರೂಸ್ ಬುಕ್ ಮಾಡುವ ಮುಂಚೆ: ಹಡಗಿನಲ್ಲಿ ಮಕ್ಕಳು ಎಷ್ಟಿರಬಹುದು?

ಹೆಚ್ಚಿನವರು ಮೊದಲು ಹಡಗು ನೋಡುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಅದೇ ಹಡಗು ಜುಲೈನಲ್ಲಿ ಮಕ್ಕಳಿಂದ ತುಂಬಿ ಗಿಜಿಗುಡುತ್ತಿರುತ್ತದೆ, ಸೆಪ್ಟೆಂಬರ್ ಕೊನೆಗೆ ಅರ್ಧ ಶಾಂತವಾಗಿರುತ್ತದೆ. ಹಡಗು ಹೊರಡುವ ದೇಶದ ಶಾಲೆಗಳಿಗೆ ಯಾವಾಗ ರಜೆ ಅಂತ ನೋಡಿ, ನಮ್ಮ ಊರಿನ ರಜೆ ಅಲ್ಲ. ಅಮೆರಿಕದ ಬಂದರುಗಳಾದರೆ ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ, ಕ್ರಿಸ್‌ಮಸ್ ವಾರ, ಮಾರ್ಚ್-ಏಪ್ರಿಲ್‌ನ ಸ್ಪ್ರಿಂಗ್ ಬ್ರೇಕ್. ಆಗ ಈಜುಕೊಳದಲ್ಲಿ ಕಾಲಿಡಲೂ ಜಾಗ ಸಿಗೋದು ಕಷ್ಟ.

ಇನ್ನೊಂದು ಸುಳಿವು, ದಿನಗಳ ಲೆಕ್ಕ. ಮೂರು-ನಾಲ್ಕು ರಾತ್ರಿಯ ಪ್ರವಾಸಕ್ಕಿಂತ ಎರಡು ವಾರದ್ದರಲ್ಲಿ ಮಕ್ಕಳು ಕಡಿಮೆ. ಅಷ್ಟು ದಿನ ಶಾಲೆ ಬಿಡಿಸೋಕೆ ಆಗಲ್ಲ, ಅಲ್ವಾ? ಅಟ್ಲಾಂಟಿಕ್ ದಾಟುವ ಪ್ರವಾಸಗಳಲ್ಲಂತೂ ಇನ್ನೂ ಕಡಿಮೆ.

ಮಕ್ಕಳೇ ಬೇಡ ಅನ್ನುವವರಿಗೆ ವರ್ಜಿನ್ ವಾಯೇಜಸ್, ವೈಕಿಂಗ್ ಅನ್ನುವ ಕ್ರೂಸ್ ಕಂಪನಿಗಳಿವೆ. ಎರಡರಲ್ಲೂ 18 ದಾಟಿದವರಿಗೆ ಮಾತ್ರ ಪ್ರವೇಶ. ಅಷ್ಟು ಕಟ್ಟುನಿಟ್ಟು ಬೇಡ ಅಂದ್ರೆ, ದೊಡ್ಡವರಿಗೆಂದೇ ಬೇರೆ ಜಾಗ ಇರುವ ಹಡಗು ಆರಿಸಿ. ರಾಯಲ್ ಕೆರಿಬಿಯನ್‌ನ ಸೋಲಾರಿಯಂ 16 ದಾಟಿದವರಿಗೆ, ಕಾರ್ನಿವಲ್‌ನ ಸೆರೆನಿಟಿ 21 ದಾಟಿದವರಿಗೆ.

ನಿಮ್ಮ ಜೊತೆ ಮಕ್ಕಳಿದ್ದರೆ ಇದನ್ನೆಲ್ಲ ತಿರುಗಿಸಿ ಓದಿ. ಖಾಲಿ ಹಡಗು ಅಗ್ಗ ಅಂತ ಹೋದರೆ ಮಗುವಿಗೆ ಆಡೋಕೆ ಜೊತೆ ಸಿಗಲ್ಲ. ಮಕ್ಕಳ ಕ್ಲಬ್ ಇದೆಯಾ, ಯಾವ ವಯಸ್ಸಿನಿಂದ ಸೇರಿಸಿಕೊಳ್ಳುತ್ತಾರೆ ಅಂತ ಮೊದಲೇ ಕೇಳಿ. ಕೈಗೂಸಿದ್ದರೆ ಕನಿಷ್ಠ ವಯಸ್ಸಿನ ನಿಯಮವನ್ನೂ ನೋಡಿ: ಸಾಮಾನ್ಯವಾಗಿ 6 ತಿಂಗಳು, ಸಾಗರ ದಾಟುವ ಪ್ರವಾಸಕ್ಕೆ 12.