ಬೆನ್ನುಮೂಳೆಯ ಉರಿಯೂತ ಇದ್ದವರು ವಿಟಮಿನ್ ಡಿ ನೋಡಿಕೊಳ್ಳುವುದು ಹೇಗೆ?

ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತ ಇದ್ದವರಿಗೆ ಬೆಳಗಿನ ಬಿಗಿತ ಗೊತ್ತೇ ಇದೆ, ಅಲ್ವಾ? ಬಗ್ಗಿ ಕಾಲುಚೀಲ ಹಾಕಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಅದರ ಜೊತೆಗೆ ಮೈಕೈ ನೋವು, ಸುಸ್ತು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವೇ ಇಲ್ಲ ಅಂತಾದರೆ ಎಲ್ಲವನ್ನೂ ಬೆನ್ನಿನ ತಲೆಗೇ ಕಟ್ಟಬೇಡಿ. ವಿಟಮಿನ್ ಡಿ ತೀರಾ ಕಡಿಮೆಯಾದರೂ ಹೀಗೇ ಆಗುತ್ತದೆ.

ಸುಮ್ನೆ ಮಾತ್ರೆ ಶುರು ಮಾಡಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಲ್ಯಾಬ್‌ನಲ್ಲಿ '25 ಹೈಡ್ರಾಕ್ಸಿ ವಿಟಮಿನ್ ಡಿ' ಅಂತಲೇ ಕೇಳಿ. '1,25' ಅಂತ ಇನ್ನೊಂದಿದೆ, ಮೈಯಲ್ಲಿ ಎಷ್ಟು ಉಳಿತಾಯ ಇದೆ ಅಂತ ಅದರಿಂದ ತಿಳಿಯುವುದಿಲ್ಲ. ಒಂದು ಎಂಎಲ್ ರಕ್ತಕ್ಕೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ.

ಕೊರತೆ ಇದ್ದರೆ ನಮ್ಮಲ್ಲಿ ಡಾಕ್ಟರು ಹೆಚ್ಚಾಗಿ ಬರೆಯುವುದು 60,000 ಯೂನಿಟ್‌ನ ಪುಡಿ ಪೊಟ್ಟಣ ಅಥವಾ ಕ್ಯಾಪ್ಸೂಲ್, ವಾರಕ್ಕೆ ಒಂದರಂತೆ ಎಂಟು ವಾರ. ದೊಡ್ಡ ತಪ್ಪು ಆಗುವುದು ಇಲ್ಲೇ. ಚೀಟಿ ಸರಿಯಾಗಿ ನೋಡದೆ ದಿನಾ ಒಂದು ತೆಗೆದುಕೊಂಡವರಿದ್ದಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಶುರುವಾಗುತ್ತದೆ, ಕಿಡ್ನಿಯೂ ಕೆಡಬಹುದು. ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಪೊಟ್ಟಣ ಕತ್ತರಿಸಿ, ಅರ್ಧ ಲೋಟ ಹಾಲಿಗೆ ಕದಡಿ ಕುಡಿದು, ಆಗಲೇ ಆ ಸುತ್ತಿಗೆ ಗೀಟು ಎಳೆಯುತ್ತಿದ್ದೆ. ಜಿಡ್ಡಿನ ಊಟದ ಜೊತೆ ಇದು ಚೆನ್ನಾಗಿ ಹಿಡಿಯುತ್ತದೆ, ಖಾಲಿ ಹೊಟ್ಟೆಗೆ ಬೇಡ. ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಬೆಳಗಿನ ಎಳೆಬಿಸಿಲು ಹಿತವಾಗಿರುತ್ತದೆ ನಿಜ, ಆದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚೇನೂ ಸಿಗುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಲ್ಲಿ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಈ ಕಾಯಿಲೆಗೆ ಕೆಲವರಿಗೆ ಕೊಡುವ ಸಲ್ಫಸಲಜೀನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರ ಚರ್ಮಕ್ಕೆ ಬಿಸಿಲು ಆಗುವುದಿಲ್ಲ, ಅವರು ಕೇಳಿಕೊಂಡೇ ಮಾಡಿ.

ಡಿ ಸರಿಯಾದರೆ ಸ್ಪಾಂಡಿಲೈಟಿಸ್ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಕಾಯಿಲೆ ಇರುವ ತುಂಬಾ ಜನರಲ್ಲಿ ಡಿ ಕಡಿಮೆ ಇರುವುದು ಕಂಡಿದೆ, ಆದರೆ ಯಾವುದರಿಂದ ಯಾವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಡಿ ಬೇಕಾಗಿರುವುದು ಮೂಳೆಗೆ. ಉರಿಯೂತದಿಂದ ಬೆನ್ನುಮೂಳೆ ಒಳಗೊಳಗೇ ಟೊಳ್ಳಾಗಿ, ಸಣ್ಣ ಪೆಟ್ಟಿಗೂ ಮುರಿಯಬಹುದು. ಹಾಗಾಗಿ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತಲೂ ಡಾಕ್ಟರನ್ನು ಕೇಳಿ. ಸ್ಪಾಂಡಿಲೈಟಿಸ್‌ಗೆ ಕೊಟ್ಟಿರುವ ಮಾತ್ರೆ, ಇಂಜೆಕ್ಷನ್, ದಿನದ ವ್ಯಾಯಾಮ ಯಾವುದನ್ನೂ ಬಿಡಬೇಡಿ.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಆದಷ್ಟು ಅದೇ ಲ್ಯಾಬ್‌ನಲ್ಲಿ. ಹಳೆ ರಿಪೋರ್ಟೂ ಜೊತೆಗಿರಲಿ.