ನಗಿಸ್ತಾ ಬರೆಯೋದು ಕಲಿಸೋದು ಹೇಗೆ

ಕಾಲೇಜ್ ಹುಡುಗ್ರಿಗೆ ಬರೀರಿ ಅಂದ ತಕ್ಷಣ ಕೈ ಕಟ್ಟಿ ಹಾಕ್ದಂಗಾಗುತ್ತೆ, ತಪ್ಪಾದ್ರೆ ಅನ್ನೋ ಭಯ. ಅದಕ್ಕೆ ಮೊದ್ಲು ಬೋರ್ಡ್ ಮೇಲೆ ‘ಓಡಿಹೋದ ಮೇಷ್ಟ್ರ ನಾಯಿ’ ಅಂತ ಬರೆದು, ಓಡಿಹೋಗಿದ್ದು ಯಾರು ಅಂತ ಕೇಳಿ. ಕ್ಲಾಸೆಲ್ಲ ನಗುತ್ತೆ, ನಕ್ಕ ಮೇಲೆ ಅವರೇ ‘ಮೇಷ್ಟ್ರ ಓಡಿಹೋದ ನಾಯಿ’ ಅಂತ ಸರಿ ಮಾಡ್ತಾರೆ, ಪದ ಎಲ್ಲಿ ಕೂರ್ಬೇಕು ಅನ್ನೋದು ಅರ್ಧ ಗಂಟೆ ವ್ಯಾಕರಣ ಹೇಳಿದ್ರೂ ಇಷ್ಟು ಚೆನ್ನಾಗಿ ತಲೆಗೆ ಹೋಗಲ್ಲ ನೋಡಿ. ಆಮೇಲೆ 10 ನಿಮಿಷ ಕೊಟ್ಟು, ಅಸೈನ್‌ಮೆಂಟ್ ಲೇಟಾಗಿದ್ದಕ್ಕೆ ನಂಬೋಕೇ ಆಗದ ನೆಪ ಒಂದನ್ನ ತುಂಬಾ ಗಂಭೀರವಾದ ಅರ್ಜಿ ಭಾಷೇಲಿ ಬರೆಸಿ, ಯಾವ ಧಾಟಿ ಎಲ್ಲಿಗೆ ಹೊಂದುತ್ತೆ ಅಂತ ಆಗ ಗೊತ್ತಾಗುತ್ತೆ. ಗಟ್ಟಿಯಾಗಿ ಓದಿಸಿ. ಆದ್ರೆ ಯಾರ ತಪ್ಪನ್ನೂ ಹೆಸರು ಹಿಡಿದು ನಗೋಕೆ ಬಳಸ್ಬೇಡಿ, ಒಂದ್ಸಲ ಅವಮಾನ ಆದ್ರೆ ಆ ಹುಡುಗ ಮತ್ತೆ ಮನಸ್ಸು ಬಿಚ್ಚಿ ಬರೆಯೋದು ಕಷ್ಟ.