ನಮ್ಮ ಬಾಸ್ಕೆಟ್‌ಬಾಲ್ ಟೀಮಿಗೆ ಮ್ಯಾನೇಜರ್ ಹುಡುಕಿದ್ದು

ಮಂಗಳೂರಿನಲ್ಲಿ ನಮ್ಮದೊಂದು ಬಾಸ್ಕೆಟ್‌ಬಾಲ್ ಟೀಮ್ ಉಂಟು. ದೊಡ್ಡ ಲೀಗಿನಲ್ಲಿ ಆಡುವುದಲ್ಲ, ಆದರೆ ಆಡುವವರಿಗೆ ಟೂರ್ನಮೆಂಟಿಗೆ ಇಷ್ಟು ಅಂತ ದುಡ್ಡು ಕೊಡುತ್ತೇವೆ. ಹಳೆ ಮ್ಯಾನೇಜರ್ ಮಗನ ಜೊತೆ ಇರಲು ದುಬೈಗೆ ಹೋದರು. ಹೊಸಬರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಆಫೀಸಿನಲ್ಲಿ ನಾನು ಎಚ್‌ಆರ್. ಬೇರೆ ಕಾರಣ ಇಲ್ಲ.

ಸುದ್ದಿ ಹೊರಗೆ ಬಿದ್ದದ್ದೇ ತಡ, ಎಲ್ಲರೂ ಹೆಸರು ಹೇಳಲು ಶುರು ಮಾಡಿದರು. ಒಬ್ಬರಿಗೆ ಭಾವ, ಇನ್ನೊಬ್ಬರಿಗೆ ಹಳೆ ಕಾಲೇಜಿನ ಪಿಟಿ ಮಾಸ್ಟ್ರು. ನಾನು ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಮೊದಲು ಟೀಮಿಗೆ ದುಡ್ಡು ಹಾಕುವವರನ್ನೆಲ್ಲ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಕೂರಿಸಿ, ಗೋಳಿಬಜೆ ತರಿಸಿ, ಕೇಳಿದೆ: "ಒಬ್ಬ ಪ್ಲೇಯರ್ ಬೇಕು ಅಂತ ಕೋಚ್ ಹೇಳ್ತಾರೆ, ಬೇಡ ಅಂತ ಮ್ಯಾನೇಜರ್ ಹೇಳ್ತಾರೆ. ಕೊನೆ ಮಾತು ಯಾರದ್ದು?"

"ಅದೆಲ್ಲ ಕೂತು ಮಾತಾಡಿದ್ರೆ ಆಗ್ತದೆ ಮಾರಾಯ್ರೆ" ಅಂದರು ಹಿರಿಯರೊಬ್ಬರು. ಆಗುವುದಿಲ್ಲ. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡೆನ್ವರ್ ನಗೆಟ್ಸ್ 2023ರಲ್ಲಿ ಕಪ್ ಗೆದ್ದ ಟೀಮ್. 2025ರ ಏಪ್ರಿಲ್‌ನಲ್ಲಿ ಲೀಗ್ ಹಂತದ ಮೂರೇ ಪಂದ್ಯ ಉಳಿದಿದ್ದಾಗ ಕೋಚ್ ಮೈಕಲ್ ಮಲೋನ್, ಜನರಲ್ ಮ್ಯಾನೇಜರ್ ಕ್ಯಾಲ್ವಿನ್ ಬೂತ್ ಇಬ್ಬರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಇಬ್ಬರಿಗೂ ಸರಿ ಹೋಗುತ್ತಿರಲಿಲ್ಲ ಅನ್ನುವುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.

ಕೊನೆ ಮಾತು ಒಬ್ಬರದ್ದೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಲೀಗಿನ ಟೊರೊಂಟೊ ರ‍್ಯಾಪ್ಟರ್ಸ್ ನೋಡಿ. ಅಲ್ಲಿ ಮುಖ್ಯಸ್ಥರಾಗಿದ್ದವರು ಮಸಾಯ್ ಉಜಿರಿ (ನಮ್ಮ ಉಜಿರೆಯವರಲ್ಲ, ನೈಜೀರಿಯಾದಲ್ಲಿ ಬೆಳೆದವರು). 2018ರಲ್ಲಿ, ಆ ಸೀಸನ್ನಿನ ಅತ್ಯುತ್ತಮ ಕೋಚ್ ಅನ್ನಿಸಿಕೊಂಡ ಡ್ವೇನ್ ಕೇಸಿಯನ್ನೇ ತೆಗೆದರು, ಊರೆಲ್ಲ ಪ್ರೀತಿಸುತ್ತಿದ್ದ ಪ್ಲೇಯರ್ ಡಿಮಾರ್ ಡಿರೋಜನ್‌ನನ್ನು ಬಿಟ್ಟುಕೊಟ್ಟು ಕವಾಯ್ ಲೆನಾರ್ಡ್‌ನನ್ನು ತಂದರು. ಜನ ಬೈದರು. 2019ರಲ್ಲಿ ಕಪ್ ಬಂತು. ಹಾಗಂತ ಎಲ್ಲರ ಧೈರ್ಯವೂ ಫಲ ಕೊಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಟೀಮಿನ ಸ್ಟಾರ್ ಪ್ಲೇಯರ್ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ಟೀಮಿಗೆ ಕೊಟ್ಟ ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್‌ರನ್ನು ನವೆಂಬರ್‌ನಲ್ಲಿ ತೆಗೆದುಹಾಕಿದರು.

ಇದನ್ನೆಲ್ಲ ಹೇಳಿದ ಮೇಲೆ ಸ್ವಲ್ಪ ಜಟಾಪಟಿ ಆಯಿತು, ಆಮೇಲೆ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದೆ. ಯಾರನ್ನು ಟೀಮಿಗೆ ತರುವುದು, ಎಷ್ಟು ಕೊಡುವುದು, ಅದು ಮ್ಯಾನೇಜರ್ ಕೆಲಸ. ಕೋರ್ಟಿನಲ್ಲಿ ಯಾರು ಎಷ್ಟು ಹೊತ್ತು ಆಡುವುದು, ಅದು ಕೋಚ್ ಕೆಲಸ. ದುಡ್ಡು ಹಾಕುವವರು ಬಜೆಟ್ ಹೇಳಬೇಕು, ಪಂದ್ಯದ ನಡುವೆ ಬೆಂಚಿನ ಹತ್ತಿರ ಬರಬಾರದು. ಈ ಕೊನೆಯ ಸಾಲಿಗೆ ಸಹಿ ಹಾಕಿಸಲು ಗೋಳಿಬಜೆ ಇನ್ನೊಂದು ಪ್ಲೇಟ್ ಬೇಕಾಯಿತು.

ಹುಡುಕಾಟ ಶುರುವಾದದ್ದು ಆಮೇಲೆ. "ನಿಮ್ಮ ಸಾಮರ್ಥ್ಯ ಏನು" ಅನ್ನುವಂಥ ಪ್ರಶ್ನೆ ನಾನು ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿ ಬರುತ್ತಾರೆ. ಬಂದವರ ಕೈಗೆ ನಮ್ಮ ಪ್ಲೇಯರ್‌ಗಳ ಪಟ್ಟಿ, ಬಜೆಟ್ ಕೊಟ್ಟು 12 ಜನರನ್ನು ಆರಿಸಿ ಅಂದೆ. ಮೇಲಿಂದ ನಮ್ಮೂರಿನ ತಾಪತ್ರಯಗಳನ್ನೂ ಸೇರಿಸಿದೆ: ಜೂನ್ ಬಂದರೆ ಸಿಮೆಂಟ್ ಕೋರ್ಟಿನಲ್ಲಿ ಕಾಲಿಡುವ ಹಾಗಿಲ್ಲ, ಒಳಾಂಗಣ ಕೋರ್ಟಿಗೆ ಬಾಡಿಗೆ ಕೊಡಬೇಕು, ಗಾರ್ಡ್ ಜಾಗದಲ್ಲಿ ಆಡುವ ನಮ್ಮ ಒಳ್ಳೆಯ ಹುಡುಗನಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಸೆಂಟರ್ ಜಾಗದಲ್ಲಿ ಆಡುವವನಿಗೆ ಮೊಣಕಾಲು ನೋವು. ಈಗ ಏನು ಮಾಡುತ್ತೀರಿ?

ಬ್ಯಾಂಕ್ ಟೀಮಿಗೆ ಆಡಿದ್ದ ಒಬ್ಬರು ಆಟದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನಾನು ನೋಟ್ಸ್ ಬರೆಯುವುದನ್ನೇ ಮರೆತೆ. ಆದರೆ ಬಜೆಟ್ ಹಾಳೆಯನ್ನು ಅವರು ತಿರುಗಿಸಿಯೂ ನೋಡಲಿಲ್ಲ. ಎಂಬಿಎ ಮಾಡಿದ ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಎಲ್ಲ ಲೆಕ್ಕ ತೆಗೆದ, ಸೆಂಟರ್‌ನ ಮನೆಯವರ ಹತ್ತಿರ ಯಾರು ಮಾತಾಡುವುದು ಅಂದಾಗ ಸುಮ್ನೆ ಕೂತ. ಮೂಡುಬಿದಿರೆ ಕಡೆಯ ಒಬ್ಬರು, ಹಿಂದೆ ಆಟಗಾರ್ತಿ, ಈಗ ಟೂರ್ನಮೆಂಟ್ ನಡೆಸುವವರು, ಮೊದಲು ನನಗೇ ಪ್ರಶ್ನೆ ಕೇಳಿದರು: "ಹೋದ ವರ್ಷದ ದುಡ್ಡು ಯಾರಿಗೆಲ್ಲ ಬಾಕಿ ಉಂಟು ಸರ್?"

ಬಾಕಿ ಇತ್ತು. ಹೇಳಿದೆ.

ಅವರು ಕೊಟ್ಟ ರೆಫರೆನ್ಸ್ ನಂಬರುಗಳಿಗೆ ಫೋನ್ ಮಾಡಿದೆ, ಹೊಗಳಿದರು, ಹೊಗಳುವವರ ನಂಬರನ್ನೇ ತಾನೆ ಕೊಡುವುದು. ನನಗೆ ಬೇಕಾದದ್ದು ಬೇರೆಯವರು: ರೆಫರಿ, ಜೆರ್ಸಿ ಹೊಲಿಸಿ ಕೊಡುವವರು, ಟೀಮನ್ನು ಕರೆದುಕೊಂಡು ಹೋಗುವ ಟೆಂಪೋ ಟ್ರಾವೆಲರ್ ಡ್ರೈವರ್. ಡ್ರೈವರ್ ಅಣ್ಣ ಹೇಳಿದ್ದು ಇಷ್ಟೇ, "ಆ ಅಕ್ಕ ಹುಡುಗರು ಉಂಡ ಮೇಲೆಯೇ ಉಣ್ಣುವುದು, ಬಾಡಿಗೆ ಅದೇ ದಿನ ಕೊಡ್ತಾರೆ." ನಮ್ಮ ಕೋಚ್ ಜೊತೆಗೂ ಅವರನ್ನು ಒಂದು ಸಂಜೆ ಕೂರಿಸಿದೆ. ಇಬ್ಬರೂ ಫಾರ್ವರ್ಡ್ ಜಾಗದಲ್ಲಿ ಆಡುವ ಒಬ್ಬ ಪ್ಲೇಯರ್ ವಿಷಯಕ್ಕೆ ಜೋರಾಗಿಯೇ ವಾದ ಮಾಡಿದರು, ಆಮೇಲೆ ಒಟ್ಟಿಗೆ ಚಹಾ ಕುಡಿದರು. ನನಗೆ ಅಷ್ಟು ಸಾಕಿತ್ತು.

ಒಂದು ಸೀಸನ್ನಿಗೆ ಅಂತ ಕರಾರು ಮಾಡಿದ್ದೇವೆ, ಸಹಿ ಹಾಕಿದ ಆ ಹಾಳೆಯನ್ನು ಅದಕ್ಕೇ ಸೇರಿಸಿದ್ದೇವೆ. ಬಾಕಿ ದುಡ್ಡು ಪೂರ್ತಿ ಕೊಟ್ಟ ಮೇಲೆಯೇ ಕೆಲಸಕ್ಕೆ ಬರುತ್ತೇನೆ ಅಂದರು. ದುಡ್ಡು ಹಾಕುವವರು ಗೊಣಗಿದರು, ಆದರೂ ಕೊಟ್ಟರು.